ಕಲ್ಯಾಣಿಯಲ್ಲಿ ನಾನು ಚುನಾವಣೆಗೆ ನಿಂತದ್ದು

ಮತ ಕೇಳಿಕೊಂಡು ಬರುವವರನ್ನು ದೂರದಿಂದ ಕಂಡರೆ ಸಾಕು, ನಮ್ಮ ಓಣಿಯ ಜನ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ನಾನು ಮಾತ್ರ ಅವರನ್ನು ಕರೆದು ಕೂರಿಸುತ್ತೇನೆ. ಚಹಾ ಕೊಡುತ್ತೇನೆ, ಬೆನ್ನಿಗೆ ದಿಂಬು ಇಡುತ್ತೇನೆ, ಬೇಸಿಗೆಯಾದರೆ ಕೈಗೊಂದು ಬೀಸಣಿಗೆಯನ್ನೂ ಕೊಡುತ್ತೇನೆ. ಪಕ್ಷ ಯಾವುದೆಂದು ಕೇಳುವುದಿಲ್ಲ. ಓಟು ಕೊಡುತ್ತೇನೆಂದೂ ಹೇಳುವುದಿಲ್ಲ. ಅವರು ಹೋದ ಮೇಲೆ ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ಇಣುಕಿ, ಇಷ್ಟೊಂದು ಉಪಚಾರ ಯಾಕೆಂದು ಕೇಳುತ್ತಾರೆ. ಅದಕ್ಕೆ ಕಾರಣವಿದೆ. ನಾನೂ ಒಮ್ಮೆ ಅಭ್ಯರ್ಥಿಯಾಗಿದ್ದವನು. ಪರರ ಪಡಸಾಲೆಯಲ್ಲಿ, ಪರರ ಜಮಖಾನೆಯ ಮೇಲೆ, ಮುಖದ ತುಂಬ ನಗು ಹಚ್ಚಿಕೊಂಡು ಕುಳಿತು, ಎದುರಿಗಿದ್ದವರ ಹೊಟ್ಟೆಯೊಳಗೆ ಏನಿದೆಯೋ ತಿಳಿಯದೆ ಬೆವತವನು. ನಮ್ಮ ಸೀಮೆಯ ಜನ ಓಟು ಎಂಬ ಶಬ್ದವನ್ನು ಕಿವಿಯಲ್ಲಿ ಹಾಕಿಕೊಳ್ಳುವುದಕ್ಕೂ ಮೊದಲೇ ನಾನು ಚುನಾವಣೆಗೆ ನಿಂತಿದ್ದೆ. ನಿಂತದ್ದು ಅಳಿಯನ ಸ್ಥಾನಕ್ಕೆ.

ಆಗ ದೊಡ್ಡ ಯುದ್ಧ ನಡೆದಿತ್ತು. ನಾನು ಹುಮನಾಬಾದಿನಲ್ಲಿ ಶಾಲೆಯ ಮಾಸ್ತರ. ಈಗಿನ ಬಸವಕಲ್ಯಾಣವನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ಎರಡೂ ಹೈದರಾಬಾದ್ ಸಂಸ್ಥಾನದ ಊರುಗಳು. ಕಲ್ಯಾಣಿಯವರ ತಲೆಯ ಮೇಲೆ ಕೋಟೆಯ ಜಹಗೀರುದಾರರು, ಅವರ ಮೇಲೆ ಹೈದರಾಬಾದಿನ ನಿಜಾಮರು, ಅವರ ಮೇಲೆ ದಿಲ್ಲಿಯ ವೈಸರಾಯರು, ಅವರ ಮೇಲೆ ಲಂಡನ್ನಿನ ಬಾದಶಹರು, ಹೀಗೆ ಒಂದರ ಮೇಲೊಂದು ಛತ್ರಿ. ಇಷ್ಟು ಛತ್ರಿಗಳ ಕೆಳಗೆ ನಿಂತವನಿಗೆ ಸೂರ್ಯ ಯಾವ ದಿಕ್ಕಿಗಿದ್ದಾನೆಂಬುದೇ ತಿಳಿಯುತ್ತಿರಲಿಲ್ಲ. ಶಾಲೆಯಲ್ಲಿ ನಾನು ಕಲಿತದ್ದು ಉರ್ದು, ಕಲಿಸುತ್ತಿದ್ದುದೂ ಉರ್ದುವಿನಲ್ಲಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ತರಗತಿಯಲ್ಲಿ ಉರ್ದು. ಪೆಟ್ಟು ಬಿದ್ದಾಗ ಮಾತ್ರ ಎಲ್ಲರೂ ಕನ್ನಡದಲ್ಲಿ ಅಳುತ್ತಿದ್ದರು. ಪ್ರಜಾಪ್ರಭುತ್ವಕ್ಕೆ ನಮ್ಮ ಪುಸ್ತಕದಲ್ಲಿ 'ಜಮ್ಹೂರಿಯತ್' ಎಂದಿತ್ತು. ಆ ಪಾಠ ಬಂದಾಗ, ಇಂಥದೊಂದನ್ನು ಹಿಂದೆ ಗ್ರೀಸಿನವರು ಮಾಡಿದ್ದರಂತೆ ಎಂದು ಹೇಳಿ, ಕಿಟಕಿಯ ಹೊರಗೆ ಒಮ್ಮೆ ನೋಡಿ, ಪುಟ ತಿರುಗಿಸಿಬಿಡುತ್ತಿದ್ದೆ.

ನೀಲಮ್ಮನನ್ನು ನಾನು ಮೊದಲು ಕಂಡದ್ದು ಹುಮನಾಬಾದಿನ ಒಂದು ಮದುವೆಯ ಪಂಕ್ತಿಯಲ್ಲಿ. ಅವಳು ಗೋಧಿ ಹುಗ್ಗಿ ಬಡಿಸುತ್ತಿದ್ದಳು. ನಾನು ಇನ್ನಷ್ಟು ಎಂದೆ, ಬಡಿಸಿದಳು. ಒಂದು ಸುತ್ತು ಹೋಗಿ ಬಂದಳು, ನಾನು ಮತ್ತೆ ಇನ್ನಷ್ಟು ಎಂದೆ. ಅವಳು ಸೌಟು ಎತ್ತಿ ಹಿಡಿದು ನನ್ನ ಎಲೆಯನ್ನು ನೋಡಿದಳು.

'ಮದಲ ಹಾಕಿದ್ದಾ ಹಂಗಾ ಅದಲ್ರಿ. ಇನ್ನ ಎಲ್ಲಿ ಹಾಕಲಿ, ಪಕ್ಕದಾಗ ಕುಂತವರ ಎಲಿಮ್ಯಾಲ?'

ಸುತ್ತಲಿನವರು ನಕ್ಕರು. ನನಗೆ ಆ ಹೊತ್ತಿಗೇ ಮನಸ್ಸು ಜಾರಿತ್ತು. ಅವಳು ಕಲ್ಯಾಣಿಯ ವಕೀಲ ಗುರುಪಾದಪ್ಪನವರ ಮಗಳು, ವಿಜಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಓದಿ ಬಂದವಳು ಎಂಬುದನ್ನು ಕೈ ತೊಳೆಯುವುದರೊಳಗೆ ತಿಳಿದುಕೊಂಡೆ. ಹುಡಗಿ ಎಂಬ ಊರಿನಲ್ಲಿದ್ದ ನನ್ನ ವೀರಪ್ಪ ಮಾವನನ್ನು ಮಾತನಾಡಿ ಬರಲು ಕಳಿಸಿದೆ. ವೀರಪ್ಪ ಮಾವ ಹೊಲದ ಜೊತೆಗೆ ಕುರಿ ಸಾಕಿದವನು. ಅವನಿಗೆ ಮಾತೆಂದರೆ ಕುರಿ ಎಣಿಸಿದಂತೆ, ಒಂದೊಂದೇ, ತಪ್ಪದಂತೆ. ಅವನು ಕಲ್ಯಾಣಿಯಿಂದ ಮರಳಿ ಬಂದು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

'ಏನಂದ್ರು ಮಾವ?' ಎಂದೆ.

'ಒಲ್ಲೆ ಅನ್ನಲಿಲ್ಲಪ್ಪ. ಹ್ಞೂಂ ಅಂತನೂ ಅನ್ನಲಿಲ್ಲ. ಇಂಗ್ಲೆಂಡಿನಾಗ ಹ್ಯಾಂಗ ಮಾಡ್ತಾರ ಹಂಗ ಮಾಡೋಣು ಅಂದ್ರು.'

'ಅಂದ್ರ?'

'ಅದನ್ನ ನಾ ಎಲ್ಲಿ ಕೇಳಲಿ. ನಾ ಹುಡಗಿ ದಾಟಿ ಹೋಗಿದ್ದು ಇದಾ ಪಹಿಲೇ.'

ಗುರುಪಾದಪ್ಪನವರ ಹುಚ್ಚಿನ ಬಗ್ಗೆ ನನಗೆ ಆಗ ತಿಳಿದಿರಲಿಲ್ಲ. ವಕೀಲರು ಸೊಲ್ಲಾಪುರದಿಂದ ಪತ್ರಿಕೆ ತರಿಸುತ್ತಿದ್ದರು. ಅದು, ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವ ಮೋಟಾರಿನಲ್ಲಿ ಕರ್ರಗಾಗಿ, ಹಳತಾಗಿ ಬರುತ್ತಿತ್ತು. ಬೇರೆಯವರು ಅದರಲ್ಲಿ ಯುದ್ಧದ ಸುದ್ದಿ ಓದಿದರೆ ವಕೀಲರು ಯಾವ ದೇಶದಲ್ಲಿ ಯಾವ ಬಗೆಯ ಸರ್ಕಾರ ಎಂಬುದನ್ನೇ ಓದುತ್ತಿದ್ದರು. ಮನೆಯ ಮಾಳಿಗೆ ಸೋರಿದರೆ, ಇದಕ್ಕೆ ಅಮೆರಿಕದಲ್ಲಿ ಯಾರು ಜವಾಬುದಾರರು ಎಂದು ಯೋಚಿಸುವ ಮನುಷ್ಯ. ಹೊರಗೆ ಇಂಥ ಮಾತು ಆಡುವಂತಿರಲಿಲ್ಲ. ನಾಲ್ಕು ಜನ ಒಟ್ಟಿಗೆ ಕೂರಬೇಕಾದರೂ ಸರ್ಕಾರದ ಇಜಾಜತ್, ಅಂದರೆ ಅನುಮತಿ, ಬೇಕಾದ ಕಾಲ. ಹೀಗಾಗಿ ಜಗತ್ತಿನ ಎಲ್ಲ ರಾಜ್ಯಪದ್ಧತಿಗಳೂ ಅವರ ಹೊಟ್ಟೆಯೊಳಗೆ ಕೂಡಿಬಿದ್ದು, ಹೊರಬರಲು ದಾರಿ ಹುಡುಕುತ್ತಿದ್ದವು. ಅಷ್ಟರಲ್ಲಿ ಮಗಳ ಮದುವೆ ಒದಗಿತು. ಅವರ ತಾಯಿ, ಮನೆಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ, ಘಾಟಬೋರಾಳದ ತನ್ನ ತಮ್ಮನ ಮೊಮ್ಮಗ ಧೂಳಪ್ಪನಿಗೇ ಹುಡುಗಿಯನ್ನು ಕೊಡಬೇಕೆಂದು ಹಟ ಹಿಡಿದಿದ್ದಳು. ಅವರ ಹೆಂಡತಿ ಶಿವಮ್ಮನವರಿಗೆ ಮಾಸ್ತರನೇ ಆಗಲಿ ಎಂಬ ಮನಸ್ಸು. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದ ಗಂಡಸು ಬೇರೆ ಕಡೆ ದೇವರ ಮೊರೆ ಹೋಗುತ್ತಾನೆ. ವಕೀಲರು ಜಮ್ಹೂರಿಯತ್ತಿನ ಮೊರೆ ಹೋದರು.

ನನ್ನನ್ನೂ ವೀರಪ್ಪ ಮಾವನನ್ನೂ ಕರೆಸಿಕೊಂಡ ದಿನ ಧೂಳಪ್ಪನೂ ಬಂದಿದ್ದ. ಬಾಗಿಲಿನಷ್ಟೇ ಎತ್ತರದ, ತಲೆ ತಗ್ಗಿಸಿ ಒಳಬರುವ, ತಗ್ಗಿಸಿದ ತಲೆಯನ್ನು ಮತ್ತೆ ಎತ್ತುವುದನ್ನೇ ಮರೆಯುವ ಸಾಧು ಮನುಷ್ಯ. ಹೆಗಲ ಮೇಲೊಂದು ಕಂಬಳಿ. ವಕೀಲರು ನಮ್ಮನ್ನು ಎದುರುಬದುರು ಕೂರಿಸಿ, ಯಾವ ದೇಶದ ಪದ್ಧತಿಯಂತೆ ಈ ವಿಷಯವನ್ನು ತೀರ್ಮಾನಿಸಬೇಕೆಂದು ಚರ್ಚೆ ಶುರು ಮಾಡಿದರು.

'ಇಂಗ್ಲೆಂಡಿನಾಗ ಬಾದಶಹ ಇದ್ದಾನ. ಆದ್ರ ಆಂವ ಏನೂ ಹೇಳಂಗಿಲ್ಲ' ಎಂದರು.

'ಯಾಕ್ರಿ, ಹಲ್ಲಬ್ಯಾನಿ ಏನು?' ಎಂದ ವೀರಪ್ಪ ಮಾವ.

'ಅಲ್ರಿ. ಹೇಳೋದೆಲ್ಲ ವಜೀರ ಹೇಳ್ತಾನ. ವಜೀರನ್ನ ಜನರು ಆರಿಸಿದ ಸಭಾ ಇಡ್ತದ, ಸಭಾ ತೆಗಿತದ.'

ಬಾಗಿಲ ಹಿಂದೆ ನಿಂತಿದ್ದ ಶಿವಮ್ಮನವರು, 'ಹಂಗಾದ್ರ ನಮ್ಮ ಮನ್ಯಾಗ ಬಾದಶಹ ನೀವಾ ಇರ್ರಿ' ಎಂದರು. ವಕೀಲರು ಅದನ್ನು ಗೌರವವೆಂದೇ ತಿಳಿದು ಮುಂದೆ ಹೋದರು. ಅಮೆರಿಕದಲ್ಲಿ ಬಾದಶಹನೇ ಇಲ್ಲ, ಜನರೇ ಒಬ್ಬ ಯಜಮಾನನನ್ನು ನಾಲ್ಕು ವರ್ಷಕ್ಕೆಂದು ಆರಿಸುತ್ತಾರೆ ಎಂದು ವಿವರಿಸಿದಾಗ ವೀರಪ್ಪ ಮಾವನ ಮುಖ ಗಂಭೀರವಾಯಿತು. 'ನಾಲ್ಕು ವರ್ಷ ಆದಮ್ಯಾಲ ನಮ್ಮ ಹುಡುಗನ್ನ ತಿರುಗಿ ಕಳಸ್ತೀರೇನ್ರಿ? ಅದನ್ನ ಈಗಾ ಹೇಳಿಬಿಡ್ರಿ' ಎಂದ. ಫ್ರಾನ್ಸಿನಲ್ಲಿ ವಜೀರರು ಬೀಳುತ್ತಲೇ ಇದ್ದರಂತೆ ಎಂದಾಗ ಆಯಿ, 'ಅಂಗಳದಾಗ ಹಾವಸಿ ಬೆಳದಿದ್ದೀತು. ಸುಣ್ಣದ ನೀರು ಹಾಕಿ ತಿಕ್ಕಂತ ಹೇಳು' ಎಂದಳು. ರಷ್ಯಾದಲ್ಲಿ ಚುನಾವಣೆಗೆ ಒಬ್ಬನೇ ನಿಲ್ಲುತ್ತಾನೆ, ಒಬ್ಬನೇ ಗೆಲ್ಲುತ್ತಾನೆ ಎಂದು ಕೇಳಿ ವೀರಪ್ಪ ಮಾವ ಮೊದಲ ಸಲ ನೆಟ್ಟಗೆ ಕುಳಿತ. 'ಇದು ಛಲೋ ಅದ ನೋಡ್ರಿ. ನಮ್ಮ ಹುಡುಗ ಒಬ್ಬನಾ ನಿಲ್ಲಲಿ.' ಆಯಿ ಕೂಡಲೇ, ರಷ್ಯಾ ತನಗೂ ಒಪ್ಪಿಗೆ, ಆದರೆ ನಿಲ್ಲುವವನು ಧೂಳಪ್ಪ ಎಂದಳು. ರಷ್ಯಾ ಅಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಸ್ವಿಟ್ಜರ್ಲೆಂಡ್. ಅಲ್ಲಿ ಕೆಲವು ಕಡೆ ಊರಿನವರೆಲ್ಲ ಬಯಲಲ್ಲಿ ಕೂಡಿ, ಕೈ ಎತ್ತಿ, ಪ್ರತಿಯೊಂದನ್ನೂ ತಾವೇ ತೀರ್ಮಾನಿಸುತ್ತಾರೆ ಎಂದು ಹೇಳುವಾಗ ವಕೀಲರ ಕಣ್ಣು ಒದ್ದೆಯಾಗಿತ್ತು. ಅಷ್ಟು ಹೊತ್ತಿನ ತನಕ ಬಾಯಿ ಬಿಡದಿದ್ದ ಧೂಳಪ್ಪ ಆಗ ಒಂದು ಪ್ರಶ್ನೆ ಕೇಳಿದ.

'ಆ ಊರಾಗ ದನ ಹ್ಯಾಂಗ ಅವರಿ, ವಕೀಲ ಮಾವ?'

'ದನ ಭಾಳ ಛಲೋ ಇರ್ತಾವಂತಪ್ಪ. ಹಾಲಿಗೆ ಹೆಸರಾದವು.'

'ಹಂಗಾದ್ರ ರಾಜ್ಯನೂ ಛಲೋನಾ ಇರ್ತದ ಬಿಡ್ರಿ' ಎಂದು ಅವನು ಮತ್ತೆ ತಲೆ ತಗ್ಗಿಸಿದ.

ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ಓಟಿಲ್ಲ ಎಂಬುದು ಆಮೇಲೆ ಹೊರಬಿತ್ತು. ಬಾಗಿಲ ಹಿಂದಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. 'ಹಂಗಾದ್ರ ಇವತ್ತಿನ ಅಡಗೀನೂ ಸ್ವಿಜರಲ್ಯಾಂಡಿನ ಗಂಡಸರಾ ಮಾಡಲಿ' ಎಂದರು ಶಿವಮ್ಮನವರು. ವಕೀಲರು ಆ ಒಂದು ಅಂಶವನ್ನು ತಿದ್ದಿ, ಮನೆಯ ಹೆಂಗಸರಿಗೂ ಓಟು ಕೊಟ್ಟು, ಜಗತ್ತಿನ ಎಷ್ಟೋ ದೇಶಗಳಿಗಿಂತ ಕಲ್ಯಾಣಿಯ ತಮ್ಮ ಪಡಸಾಲೆ ಮುಂದೆ ಹೋಯಿತೆಂದು ಎದೆ ಉಬ್ಬಿಸಿದರು. ಇಪ್ಪತ್ತೊಂದು ತುಂಬದವರಿಗೆ ಮಾತ್ರ ಓಟಿಲ್ಲ, ಅದು ಎಲ್ಲ ಸುಧಾರಿಸಿದ ದೇಶಗಳ ನಿಯಮ. ನೀಲಮ್ಮನಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಹೀಗೆ ಊರಿನ ಯಾವ ಕಾಯಿದೆಯೂ ಕೊಡದ ಹಕ್ಕು ಅವಳ ಅಜ್ಜಿಗೆ, ಅವ್ವನಿಗೆ, ಕಾಕಾನಿಗೆ, ಚಿಗವ್ವನಿಗೆ ಬಂತು, ಮದುವೆಯಾಗಬೇಕಾದವಳಿಗೆ ಬರಲಿಲ್ಲ.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಮತದಾನವೆಂದು ಠರಾವಾಯಿತು. ಅಲ್ಲಿಯವರೆಗೆ ಪ್ರಚಾರಕ್ಕೆ ಅವಕಾಶ. ನಾನು ರಜೆ ಸಿಕ್ಕಾಗಲೆಲ್ಲ ಮೋಟಾರು ಹತ್ತಿ, ಮುಖದ ಮೇಲೆ ಇದ್ದಿಲಿನ ಮಸಿ ಮೆತ್ತಿಕೊಂಡು ಕಲ್ಯಾಣಿಗೆ ಹೋಗುತ್ತಿದ್ದೆ. ಆಯಿಯ ಮುಂದೆ ಕೂತು ನನ್ನ ವಿದ್ಯೆ, ನನ್ನ ನೌಕರಿ, ನನ್ನ ಶಿಸ್ತು ಎಲ್ಲವನ್ನೂ ವರ್ಣಿಸುತ್ತಿದ್ದೆ. ಹುಮನಾಬಾದಿನ ಮೇಲೆ ಹೈದರಾಬಾದಿನ ದೊಡ್ಡ ರಸ್ತೆ ಹಾಯುತ್ತದೆ ಎಂಬುದನ್ನು ನಾನೇ ಹಾಕಿಸಿದಂತೆ ಹೇಳುತ್ತಿದ್ದೆ. ಆಯಿ ಎಲ್ಲವನ್ನೂ ಕೇಳಿ, 'ಮಾತು ಮುಗಿತೇನಪ್ಪ? ಮುಗಿದಿದ್ರ ಆ ಬಚ್ಚಲಿಗೆ ನಾಕು ಕೊಡ ನೀರು ಹಾಕು' ಎನ್ನುತ್ತಿದ್ದಳು. ಅಭ್ಯರ್ಥಿಗೆ ಇಲ್ಲ ಎನ್ನುವ ಬಾಯಿ ಇರುವುದಿಲ್ಲ. ನೀರು ಹಾಕಿದೆ, ಹೊಟ್ಟು ಹೊತ್ತೆ, ಒಮ್ಮೆ ಅವರ ಎಮ್ಮೆಯನ್ನು ಕೆರೆಗೆ ಹೊಡೆದುಕೊಂಡು ಹೋದೆ. ಎಮ್ಮೆಗೆ ಓಟಿರಲಿಲ್ಲ, ಆದರೂ ಅದರ ಜೊತೆಗೂ ವಿನಯದಿಂದ ನಡೆದುಕೊಂಡೆ.

ಧೂಳಪ್ಪನ ಪ್ರಚಾರ ಬೇರೆ ಬಗೆಯದು. ಒಂದು ಮಧ್ಯಾಹ್ನ ಅವನು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ, ಸುತ್ತ ನೋಡಿ, ಮೆಲ್ಲಗೆ ಹೇಳಿದ. 'ಮಾಸ್ತರ್ರ, ನೀವು ಹ್ಯಾಂಗರ ಮಾಡಿ ಗೆಲ್ರಿ. ನಮ್ಮೂರಾಗ ನನಗ ಒಬ್ಬಾಕಿ ಮನಸ್ಸಿಗೆ ಬಂದಾಳ. ಆಯಿ ಮುಂದ ಹೇಳಾಕ ಅಂಜಿಕಿ ಬರ್ತದ.' ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು, ಎತ್ತರ ಸಾಲಲಿಲ್ಲ. ತನ್ನ ವಿರುದ್ಧ ತಾನೇ ಪ್ರಚಾರ ಮಾಡುವುದಾಗಿ ಮಾತು ಕೊಟ್ಟ. ಕೊಟ್ಟ ಮಾತಿನಂತೆ ಶಿವಮ್ಮನವರ ಹತ್ತಿರ ಹೋಗಿ, 'ನನಗ ಓದು ಬರಂಗಿಲ್ರಿ ಅತ್ತಿ. ನಾ ದನದ ಮನಿಶ್ಯಾ. ನಾಲ್ಕು ಮಂದ್ಯಾಗ ಮಾತಾಡಾಕ ಬರಂಗಿಲ್ಲ. ನಿಮ್ಮ ಮಗಳು ಹುಶಾರದಾಳ, ಆಕಿಗೆ ಮಾಸ್ತರ್ರಾ ಸರಿ' ಎಂದ. ಪರಿಣಾಮ ವಿಪರೀತವಾಯಿತು. ಅದುವರೆಗೆ ನನ್ನ ಕಡೆಗಿದ್ದ ಶಿವಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, 'ಎಂಥ ತಗ್ಗಿ ನಡಿಯೋ ಹುಡುಗ' ಎಂದು ಅವನ ಕಡೆಗೆ ವಾಲಿದರು. ಅವನು ತನ್ನನ್ನು ಬಯ್ದುಕೊಂಡಷ್ಟೂ ಅವನ ಓಟು ಏರುತ್ತಿತ್ತು. ನಾನು ನನ್ನನ್ನು ಹೊಗಳಿಕೊಂಡಷ್ಟೂ ನನ್ನದು ಇಳಿಯುತ್ತಿತ್ತು. ಕೊನೆಗೆ ನಾನೂ ಬಯ್ದುಕೊಳ್ಳಲು ಪ್ರಯತ್ನಿಸಿದೆ. 'ನನಗ ಸಿಟ್ಟು ಭಾಳರಿ' ಎಂದು ನೀಲಮ್ಮನ ಚಿಗವ್ವನಿಗೆ ಹೇಳಿದೆ. ಅವರು ಅದನ್ನು ಹಾಗೆಯೇ ನಂಬಿಬಿಟ್ಟರು. ಮಾಸ್ತರನಿಗೆ ಸಿಟ್ಟು ಬಹಳವಂತೆ ಎಂಬ ಸುದ್ದಿ ಅಡಿಗೆಮನೆಯ ತುಂಬ ಹರಡಿತು.

ಮತದಾನದ ದಿನ ಬಂತು. ಒಂದೇ ಮನೆಗೆ ಇಬ್ಬರು ವರರು ಒಂದೇ ದಿನ ಬಂದರೆ ಓಣಿಯಲ್ಲಿ ಏನೆಂದಾರು, ಇಲೆಕ್ಷನ್ ಎಂಬ ಮಾತು ಕಚೇರಿಗೆ ಮುಟ್ಟಿದರೆ ಏನಾದೀತು ಎಂದು ಹೆದರಿದ ವಕೀಲರು, ಮನೆಯಲ್ಲಿ ತೊಟ್ಟಿಲ ಕಾರ್ಯವಿದೆ ಎಂದು ನೆರೆಯವರಿಗೆ ಹೇಳಿಬಿಟ್ಟಿದ್ದರು. ಗುಪ್ತ ಮತದಾನವೇ ಶ್ರೇಷ್ಠವೆಂದು ಕೋಣೆಯೊಳಗೆ ಒಂದು ಅಗಲ ಬಾಯಿಯ ಗಡಿಗೆ ಇಟ್ಟಿದ್ದರು. ಜೋಳದ ಕಾಳು ಹಾಕಿದರೆ ನನಗೆ, ತೊಗರಿ ಹಾಕಿದರೆ ಧೂಳಪ್ಪನಿಗೆ. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಆಯಿ ಹೋದವಳು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಬಂದ ಮೇಲೆ ವಕೀಲರು ಕೇಳಿದರೆ, 'ತೊಗರ್ಯಾಗ ಹುಳ ಇದ್ದವು. ಆರಿಸಿ ಹಾಕಿದೆ' ಎಂದಳು. ಹಿಡಿತುಂಬ ಹಾಕಿದ್ದಳೆಂದು ಆಗ ಗೊತ್ತಾಯಿತು. ಒಬ್ಬರಿಗೆ ಒಂದೇ ಕಾಳು ಎಂದು ವಕೀಲರು ವಾದಿಸುತ್ತಿರುವಾಗ ಹಿತ್ತಲ ಬಾಗಿಲಿನಿಂದ ಒಂದು ಕೋಳಿ ಒಳಗೆ ಹೋಗಿ ಗಡಿಗೆಯ ಕಂಠದ ಮೇಲೆ ಕೂತಿತ್ತು. ನಾವು ಓಡಿಹೋಗಿ ನೋಡುವಷ್ಟರಲ್ಲಿ ಗಡಿಗೆಯಲ್ಲಿ ಒಂದು ಕಾಳೂ ಇರಲಿಲ್ಲ. ಕೋಳಿ ಮಾತ್ರ ಎರಡೂ ಪಕ್ಷಗಳನ್ನು ಸಮನಾಗಿ ಕಂಡ ತೃಪ್ತಿಯಲ್ಲಿ ರೆಕ್ಕೆ ಕೊಡವಿಕೊಂಡು ಹೋಯಿತು.

ಅದೇ ಹೊತ್ತಿಗೆ ಓಣಿಯ ಹೆಂಗಸರು ಬಂದರು. ಅವರ ಕೈಯಲ್ಲಿ ಕುಲಾವಿ, ಅಂಗಿ, ಗಿಲಕಿ. 'ಕೂಸೆಲ್ಲಿ ಅದರಿ?' ಎಂದು ಎಲ್ಲ ಕಡೆ ಹುಡುಕತೊಡಗಿದರು. ಕೋರ್ಟಿನಲ್ಲಿ ಎಂದೂ ಮಾತು ತಡವರಿಸದ ವಕೀಲರು ಈಗ ತಾಯಿಯ ಕಡೆ ನೋಡಿದರು. ಆಯಿ ನನ್ನನ್ನೂ ಧೂಳಪ್ಪನನ್ನೂ ತೋರಿಸಿ, 'ಇವರಿಬ್ಬರಾಗ ಯಾರು ಅಂತ ಇನ್ನಾ ಠರಾವ್ ಆಗಿಲ್ರವ್ವ' ಎಂದಳು. ಹೆಂಗಸರು ನಮ್ಮಿಬ್ಬರನ್ನೂ ನೋಡಿದರು, ಕೈಯಲ್ಲಿದ್ದ ಕುಲಾವಿಯನ್ನು ನೋಡಿದರು. ವಿಷಯವನ್ನು ಬಿಡಿಸಿ ಹೇಳಿದ ಮೇಲೆ ಅವರ ನಗು ನಿಲ್ಲಲಿಲ್ಲ. ನಕ್ಕು ಮುಗಿದ ಮೇಲೆ, ತಾವು ಇಷ್ಟು ದೂರ ಬಂದದ್ದಕ್ಕೆ ತಮಗೂ ಓಟು ಬೇಕೆಂದು ಕುಳಿತುಬಿಟ್ಟರು. ಸ್ವಿಟ್ಜರ್ಲೆಂಡಿನಲ್ಲಿ ಊರೇ ಕೂಡುತ್ತದೆ ಎಂದು ವಕೀಲರೇ ಹೇಳಿದ್ದರಿಂದ ಇಲ್ಲ ಎನ್ನುವ ಹಾಗಿರಲಿಲ್ಲ. ಪಡಸಾಲೆಯಲ್ಲಿ ಕೈ ಎತ್ತುವ ಮತದಾನ ನಡೆಯಿತು. ಮಾಸ್ತರನಿಗೆ ಎಂದಾಗ ಅರ್ಧ ಕೈ ಎದ್ದವು. ಧೂಳಪ್ಪನಿಗೆ ಎಂದಾಗಲೂ ಅಷ್ಟೇ ಎದ್ದವು. ಒಬ್ಬ ತಾಯಿ ಎರಡೂ ಸಲ ಕೈ ಎತ್ತಿ, 'ಇಬ್ಬರೂ ಛಲೋ ಅದಾರ, ಯಾರನ್ನ ಬಿಡೋದು' ಎಂದರು. ಧೂಳಪ್ಪ ತನ್ನ ಎದುರಾಳಿಗೆ, ಅಂದರೆ ನನಗೆ, ಕೈ ಎತ್ತಿದ. ಆ ಒಂದು ಕೈ ನೋಡಿ, ಅದುವರೆಗೆ ಯಾರಿಗೂ ಕೈ ಎತ್ತದಿದ್ದ ಹೆಂಗಸೊಬ್ಬರು ಮರುಗಿ ಅವನಿಗೆ ಕೈ ಎತ್ತಿದರು. ಮತ್ತೆ ಎಣಿಸಿದರು, ಮತ್ತೆ ಸರಿಸಮ.

ವಕೀಲರು ತಲೆಯ ಮೇಲೆ ಕೈ ಹೊತ್ತು ಯಾವ ದೇಶಕ್ಕೆ ಹೋಗಲಿ ಎಂದು ಯೋಚಿಸುತ್ತಿರುವಾಗ ನೀಲಮ್ಮ ಹೊರಗೆ ಬಂದಳು. ಕೈಯಲ್ಲಿ ಚಹಾದ ತಟ್ಟೆ ಇರಲಿಲ್ಲ. ನೇರವಾಗಿ ಬಂದು ಕಂಬಕ್ಕೆ ಒರಗಿ ನಿಂತಳು.

'ಅಪ್ಪಾ, ಇಂಗ್ಲೆಂಡಿನ ಸಭಾದಾಗ ವಜೀರರಿಗೆ ಪ್ರಶ್ನಿ ಕೇಳ್ತಾರಂತ ನೀವಾ ಹೇಳಿದ್ರಿ. ನನಗ ಓಟು ಇಲ್ಲ, ಇರಲಿ. ಪ್ರಶ್ನಿ ಕೇಳಬಹುದೇನು?'

ವಕೀಲರು ಮಗಳನ್ನು ಮೊದಲ ಸಲ ನೋಡುವವರಂತೆ ನೋಡಿ, ಹ್ಞೂಂ ಎಂದರು. ಪಡಸಾಲೆಯಲ್ಲಿ ಗದ್ದಲ ನಿಂತಿತು. ಅಲ್ಲಿಯವರೆಗೆ ಎಲ್ಲವೂ ಆಟವಾಗಿತ್ತು. ಈಗ ನಾನು ಜಮಖಾನೆಯ ಮೇಲೆ ನೆಟ್ಟಗೆ ಕುಳಿತೆ.

'ನಮ್ಮ ಕಡಿ ಹುಡಿಗ್ಯಾರಿಗೆ ಕನ್ನಡ ಅಕ್ಷರ ಯಾರೂ ಹೇಳಿಕೊಡಾಕತ್ತಿಲ್ಲ. ನಾ ಹೇಳಿಕೊಡಬೇಕಂತ ಮಾಡೇನಿ. ಎಲ್ಲಿಗೆ ಹೋದ್ರೂ ಮಾಡಾಕೀನಾ. ನಿಮ್ಮ ಮನಿ ಪಡಸಾಲಿ ಅದಕ್ಕ ಸಿಗ್ತದೇನ್ರಿ?'

ಧೂಳಪ್ಪ ಎದ್ದು ನಿಂತ. 'ತಂಗಿ, ನಮ್ಮ ಪಡಸಾಲ್ಯಾಗ ಹೊಟ್ಟು ತುಂಬೇದ. ಹೊಟ್ಟು ತೆಗಿಯಾಕ ನಮ್ಮಪ್ಪ ಬಿಡಂಗಿಲ್ಲ. ಸುಳ್ಳ ಯಾಕ ಹೇಳಲಿ' ಎಂದ. ಅವನು ತಂಗಿ ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡರು. ಆಯಿಯ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು.

ಈಗ ನನ್ನ ಸರದಿ. ಗ್ರೀಸಿನಿಂದ ಶುರು ಮಾಡಿ ಒಂದು ಭಾಷಣ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. ಗ್ರೀಸು ನಾಲಗೆಯಿಂದ ಜಾರಿ ಎಲ್ಲಿಗೋ ಹೋಯಿತು.

'ಪಡಸಾಲಿ ಅದ. ಆದ್ರ ಮನಿ ಅವ್ವನ ಕೈಯಾಗ ಅದ. ಅವ್ವಗ ನಾನೂ ಅಂಜತೀನಿ. ನೀವು ಜೊತಿಗಿದ್ರ ಕೇಳತೀನಿ' ಎಂದೆ.

ನೀಲಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ ತಂದೆಯ ಕಡೆ ತಿರುಗಿ, 'ಇದಾ ಸಾಕು' ಎಂದು ಒಳಗೆ ಹೋದಳು. ಸಾಕು ಎಂದರೆ ಆಯಿತು ಎಂದೋ, ಬೇಡ ಎಂದೋ ನನಗೆ ತಿಳಿಯಲಿಲ್ಲ. ಓಣಿಯ ಹೆಂಗಸೊಬ್ಬರು ಬಂದು ಕೈಯಲ್ಲಿದ್ದ ಕುಲಾವಿಯನ್ನು ನನ್ನ ತಲೆಗೆ ಇಟ್ಟಾಗ ಗೆದ್ದಿದ್ದೇನೆಂದು ಗೊತ್ತಾಯಿತು. ಆಯಿ ಎರಡು ದಿನ ನನ್ನ ಕಡೆಯವರ ಜೊತೆ ಮಾತು ಬಿಟ್ಟಳು. ಆಮೇಲೆ ಘಾಟಬೋರಾಳಕ್ಕೆ ಹೋಗಿ ಧೂಳಪ್ಪ ಮೆಚ್ಚಿದ ಹುಡುಗಿಯನ್ನು ನೋಡಿ, ಅವಳನ್ನು ಹುಡುಕಿದವಳು ತಾನೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು.

ಮದುವೆಯಾಗಿ ನೀಲಮ್ಮ ಹುಮನಾಬಾದಿಗೆ ಬಂದಳು. ನಮ್ಮ ಮನೆಯಲ್ಲಿ ಯಾವ ದೇಶದ ಪದ್ಧತಿಯೂ ಇರಲಿಲ್ಲ, ಅವ್ವ ಇದ್ದಳು. ಅವಳು ಏಳು ಎಂದಾಗ ಏಳುವುದು, ಉಣ್ಣು ಎಂದಾಗ ಉಣ್ಣುವುದು. ಪಡಸಾಲೆಯ ಮಾತನ್ನು ಅವಳ ಮುಂದೆ ಎತ್ತಲು ನಾನು ಒಳ್ಳೆಯ ಹೊತ್ತು ಹುಡುಕತೊಡಗಿದೆ. ಬೆಳಿಗ್ಗೆ ಅವಳಿಗೆ ಪೂಜೆಯ ಗಡಿಬಿಡಿ, ಮಧ್ಯಾಹ್ನ ನಿದ್ದೆ, ಸಂಜೆ ಮಂಡಿನೋವು. ಒಂದು ದಿನ ಧೈರ್ಯ ಮಾಡಿ ಅವಳ ಮುಂದೆ ಹೋಗಿ ನಿಂತೆ. 'ಏನಾ?' ಎಂದಳು. 'ಏನಿಲ್ಲ, ನೀರು ಬೇಕಿತ್ತು' ಎಂದೆ. ಹಾಗೆ ನಾನು ದಿನಾಲೂ ಸಾಕಷ್ಟು ನೀರು ಕುಡಿಯತೊಡಗಿದೆ. ನೀಲಮ್ಮ ಅದನ್ನು ನೋಡಿದಳು, ಕಾದಳು. ನನ್ನ ಹೊಟ್ಟೆಯಲ್ಲಿ ಇನ್ನು ನೀರು ಹಿಡಿಯುವುದಿಲ್ಲ ಎನಿಸಿದ ದಿನ ತಾನೇ ಮಾತು ತೆಗೆದಳು.

'ಅತ್ತಿ, ಪಡಸಾಲ್ಯಾಗ ಓಣಿ ಹುಡಿಗ್ಯಾರಿಗೆ ಕನ್ನಡ ಹೇಳಿಕೊಡಲೇನ್ರಿ?'

ಅವ್ವ ಹತ್ತಿ ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. ನಾನು ಕಂಬದ ಹಿಂದೆ ಸರಿದೆ. ನೌಕರಿ ಹೋದೀತು, ಇಜಾಜತ್ ಇಲ್ಲ, ಮನೆಗೆ ಜವಾನ ಬಂದಾನು ಎಂದು ಅವ್ವ ಹೇಳಬಹುದಾದ ಎಲ್ಲ ಮಾತುಗಳೂ ನನ್ನ ತಲೆಯಲ್ಲಿ ಸಾಲುಗಟ್ಟಿದವು. ಅವ್ವ ಕೇಳಿದ್ದು ಬೇರೆಯೇ.

'ನನ್ನ ವಯಸ್ಸಿನಾಕಿಗೂ ಬರ್ತದೇನಾ, ಆ ಅಕ್ಷರಾ?'

ನೀಲಮ್ಮ ಬರುತ್ತದೆ ಎಂದಳು. ಅಲ್ಲಿಗೆ ಮುಗಿಯಿತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮರುದಿನದಿಂದ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಮುಂದಿನ ಸಾಲಿನಲ್ಲಿ ಓಣಿಯ ಹುಡುಗಿಯರು, ಅವರ ಹಿಂದೆ ಗೋಡೆಗೆ ಒರಗಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಅವ್ವ. ನಾನು ಶಾಲೆಯಿಂದ ಬಂದು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ನೋಡುತ್ತ ನಿಂತವನಿಗೆ ಒಂದು ಸಂಗತಿ ಹೊಳೆಯಿತು. ಉರ್ದುವಿನಲ್ಲಿ ಕಾಗದದ ಮೇಲೆ ಕಾಗದ ಬರೆಯುವ ನನಗೆ, ಹುಟ್ಟಿದಾಗಿನಿಂದ ಆಡುವ ಭಾಷೆಯಲ್ಲಿ ನನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಅದನ್ನು ನೀಲಮ್ಮನಿಗೆ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ಒಂದು ಪಾಟಿ ಕೊಟ್ಟು, 'ಹಿಂದ ಕುಂಡ್ರಿ. ಮುಂದ ಕುಂತ್ರ ಹುಡಿಗ್ಯಾರಿಗೆ ಕಾಣಂಗಿಲ್ಲ' ಎಂದಳು. ಅವ್ವ ಕವರ್ಗ ಮುಗಿಸಿ ಚವರ್ಗಕ್ಕೆ ಹೋದಾಗ ನಾನಿನ್ನೂ 'ಙ'ದ ಬಾಲದಲ್ಲಿ ಸಿಕ್ಕಿಕೊಂಡಿದ್ದೆ. 'ಸಾಲಿ ಮಾಸ್ತರ ಅಂತ ಹೆಸರಾ' ಎಂದು ಅವ್ವ ಹುಡುಗಿಯರ ಮುಂದೆಯೇ ಅಂದಳು.

ಯಾರೋ ಹೇಳಿರಬೇಕು. ಒಂದು ಸಂಜೆ ತಾಲೀಮಿನ, ಅಂದರೆ ಶಿಕ್ಷಣದ, ಇಲಾಖೆಯ ಸಾಹೇಬರು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ಕಪ್ಪು ಶೇರವಾನಿ, ಕೈಯಲ್ಲಿ ಬೆತ್ತ. ಹುಡುಗಿಯರು ಅವ್ವನ ಹಿಂದೆ ಸರಿದರು. ನಾನು ಪಾಟಿ ಹಿಡಿದುಕೊಂಡೇ ಎದ್ದು ಸಲಾಂ ಮಾಡಿದೆ.

'ಮಾಸ್ಟರ್ ಸಾಬ್, ಇಲ್ಲಿ ಇಜಾಜತ್ ಇಲ್ದ ಮದರಸಾ ನಡದದಂತ ಖಬರ್ ಬಂದದ. ನೀವು ಸರ್ಕಾರಿ ನೌಕರ. ಇಲ್ಲಿ ಕಲಿಸಾಕತ್ತೀರೇನು?'

ಜಗತ್ತಿನ ಎಲ್ಲ ರಾಜ್ಯಪದ್ಧತಿಗಳನ್ನು ನೆನಪಿಸಿಕೊಂಡೆ. ಯಾವುದರಲ್ಲೂ ಉತ್ತರವಿರಲಿಲ್ಲ. ನಿಜ ಹೇಳುವುದೊಂದೇ ಉಳಿದಿತ್ತು.

'ಇಲ್ರಿ ಸಾಹೇಬ್ರ. ಕಲಿಯಾಕತ್ತೇನಿ.'

ಸಾಹೇಬರು ನನ್ನ ಕೈಯಿಂದ ಪಾಟಿ ತೆಗೆದುಕೊಂಡರು. ಅದರ ಮೇಲೆ ನಾನು ಬರೆದದ್ದಿತ್ತು, ಅದರ ಮೇಲೆ ನೀಲಮ್ಮ ಎಳೆದ ಕಾಟುಗಳಿದ್ದವು. ಅವರು ಅದನ್ನು ನೆಟ್ಟಗೆ ಹಿಡಿದು ನೋಡಿದರು, ಅಡ್ಡ ಹಿಡಿದು ನೋಡಿದರು, ನನ್ನ ಮುಖ ನೋಡಿದರು, ನೀಲಮ್ಮನ ಮುಖ ನೋಡಿದರು. ಅವರ ಮೀಸೆಯ ಕೆಳಗೆ ಏನೋ ಅಲುಗಿತು.

'ಗಂಡ ಹೆಂಡತಿ ಕಡಿಂದ ಸಬಕ್ ಕಲಿಯಾಕ ಇಜಾಜತ್ ಬೇಕಂತ ಯಾವ ಕಾನೂನಿನಾಗೂ ಬರದಿಲ್ಲ. ನಮ್ಮ ಮನ್ಯಾಗೂ ಅದಾ ನಡದದ' ಎಂದು ಪಾಟಿಯನ್ನು ನನ್ನ ಕೈಗಿಟ್ಟು, ಬೆತ್ತ ಊರುತ್ತ ಹೊರಟುಹೋದರು.

ನಾನು ಬಾಗಿಲವರೆಗೆ ಹೋಗಿ, ಅವರು ಓಣಿ ದಾಟುವುದನ್ನು ನೋಡಿ, ಜಗತ್ತನ್ನೇ ಗೆದ್ದವನಂತೆ ಎದೆ ಸೆಟೆಸಿ ತಿರುಗಿದೆ. ಅವ್ವನಾಗಲಿ ಹುಡುಗಿಯರಾಗಲಿ ಏನಾದರೂ ಅಂದಾರು ಎಂದು ಒಂದು ಗಳಿಗೆ ನಿಂತೆ.

'ಹೋದ್ರಲ್ಲ ಸಾಹೇಬ್ರು' ಎಂದಳು ನೀಲಮ್ಮ. 'ಕುಂಡ್ರಿ. ಆ ಙ ತಿದ್ದರಿ.'